ನಿದ್ದಿ ಬರವಲ್ದು, ಬಂದ್ರೆ ಕೆಟ್ಟ ಕನಸು: ಪದೇ ಪದೇ ಕೇಳುವ ಪ್ರಶ್ನೆಗಳು

ಇಪ್ಪತ್ತಾರು ವರ್ಷ ಸ್ಟಾಫ್ ನರ್ಸ್ ಆಗಿ ಕೆಲಸ ಮಾಡಿದೆ. ಅದರಲ್ಲಿ ಅರ್ಧಕ್ಕರ್ಧ ರಾತ್ರಿ ಪಾಳಿ. ನಿವೃತ್ತಿಯಾಗಿ ಸಿಂಧನೂರಿನಲ್ಲಿ ನೆಲೆಸಿದ ಮೇಲೂ ಜನ ಸಿಸ್ಟರ್ ಅಂತಲೇ ಕರೆಯುತ್ತಾರೆ. ಮಹಿಳಾ ಸಂಘದ ಸಭೆ ಮುಗಿದ ಮೇಲೆ ಒಬ್ಬರು ಹಿಂದೆ ಉಳಿಯುತ್ತಾರೆ, ಬಸ್‌ಸ್ಟ್ಯಾಂಡಿನಲ್ಲಿ ಇನ್ನೊಬ್ಬರು ಸೆರಗು ಹಿಡಿದು ಪಕ್ಕಕ್ಕೆ ಕರೆಯುತ್ತಾರೆ, ಕೊಪ್ಪಳದಿಂದ, ಬಳ್ಳಾರಿಯಿಂದ ಕಾಗದ ಬರೆಯುವವರೂ ಇದ್ದಾರೆ. ಮೈನೋವು, ಸಕ್ಕರೆ ಕಾಯಿಲೆ ಎಲ್ಲ ಹೇಳಿ ಮುಗಿಸಿ, ಕಡೆಗೆ ದನಿ ತಗ್ಗಿಸಿ ಕೇಳುವುದು ರಾತ್ರಿಯ ವಿಷಯ. ಅವರು ಕೇಳಿದ ಹಾಗೆಯೇ ಪ್ರಶ್ನೆಗಳನ್ನು ಇಲ್ಲಿ ಇಟ್ಟಿದ್ದೇನೆ. ನಾನು ವೈದ್ಯಳಲ್ಲ. ಎಲ್ಲಿ ವೈದ್ಯರು ಬೇಕೋ ಅಲ್ಲಿ ಹಾಗಂತ ಬರೆದಿದ್ದೇನೆ.

## ಮೊದಲಿಗೆ

ನಾಲ್ಕು ದಿನ ಆತ್ರಿ, ಕಣ್ಣಿಗೆ ನಿದ್ದಿ ಹತ್ತಿಲ್ಲ. ನಂಗೇನರ ರೋಗ ಐತೇನು?

ನಾಲ್ಕು ದಿನಕ್ಕೆ ರೋಗ ಅನ್ನಬೇಡಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿ ಹೋದಾಗ ನಮ್ಮ ಓಣಿಯಲ್ಲಿ ವಾರಗಟ್ಟಲೆ ಯಾರೂ ಸರಿಯಾಗಿ ಮಲಗಲಿಲ್ಲ. ಭತ್ತದ ಗದ್ದೆಗೆ ನೀರು ಉಳಿಯುತ್ತದೋ ಇಲ್ಲವೋ ಅಂತ ರಾತ್ರಿಯೆಲ್ಲ ಫೋನು ಹಿಡಿದು ಕೂತಿದ್ದರು. ಗೇಟಿನ ಜಾಗಕ್ಕೆ ಅಡ್ಡಹಲಗೆ ಕೂರಿಸಿ ನೀರು ನಿಲ್ಲಿಸಿದ ಮೇಲೆ ಹೆಚ್ಚಿನವರ ನಿದ್ದೆ ತಾನೇ ವಾಪಸ್ ಬಂತು. ಮದುವೆ, ಸಾವು, ಸಾಲ, ಪರೀಕ್ಷೆ ಇಂಥವು ಬಂದಾಗ ಹೀಗಾಗುವುದು ದೇಹದ ಸಹಜ ಕಾವಲು.

ವಾರಕ್ಕೆ ಮೂರು ರಾತ್ರಿಯಾದರೂ ನಿದ್ದೆ ಕೆಡುತ್ತಾ, ಅದು ಮೂರು ತಿಂಗಳು ಎಳೆದು, ಹಗಲಿನ ಕೆಲಸಕ್ಕೂ ಏಟು ಕೊಟ್ಟರೆ ಆಗ ಅದನ್ನು ವೈದ್ಯರು ದೀರ್ಘಕಾಲದ ನಿದ್ರಾಹೀನತೆ ಅನ್ನುತ್ತಾರೆ. ಮಲಗಲು ಹೊತ್ತು, ಜಾಗ ಎರಡೂ ಇದ್ದು ನಿದ್ದೆ ಬಾರದಿದ್ದರೆ ಮಾತ್ರ ಈ ಲೆಕ್ಕ. ಕೂಸು ಎಬ್ಬಿಸುತ್ತದೆ ಅಂತ ನಿದ್ದೆಗೆಟ್ಟ ಬಾಣಂತಿಗೆ ಬೇಕಾದದ್ದು ಕೂಸನ್ನು ಎರಡು ತಾಸು ಎತ್ತಿಕೊಳ್ಳುವ ಇನ್ನೊಂದು ಕೈ.

ಎಂಟು ತಾಸು ನಿದ್ದಿ ಮಾಡ್ಲೇಬೇಕಂತ ಅಂತಾರ. ನಂಗ ಆರೇ ಆಗ್ತದ.

ಹಗಲು ಹೇಗಿರುತ್ತೀರಿ? ತೂಕಡಿಕೆ ಇಲ್ಲ, ಸಿಟ್ಟು ಮೂಗಿನ ತುದಿಗಿಲ್ಲ, ಲೆಕ್ಕ ತಪ್ಪುವುದಿಲ್ಲ ಅಂದರೆ ಆರು ತಾಸು ನಿಮಗೆ ಸಾಕಾಗಿರಬಹುದು. ದೊಡ್ಡವರಲ್ಲಿ ಹೆಚ್ಚಿನವರಿಗೆ ಏಳು ತಾಸಿನ ಆಸುಪಾಸು ಬೇಕು. ವಯಸ್ಸಾದಂತೆ ನಿದ್ದೆ ಹಗುರಾಗುತ್ತದೆ, ನಡುನಡುವೆ ಎಚ್ಚರವಾಗುತ್ತದೆ. ಎಂಟು ಅನ್ನುವ ಅಂಕಿಯನ್ನು ತಲೆಯಲ್ಲಿಟ್ಟುಕೊಂಡು ರಾತ್ರಿ ಗಡಿಯಾರ ನೋಡುತ್ತಾ ಕೂತರೆ ಇರುವ ಆರೂ ಕೈಬಿಡುತ್ತದೆ. ಗಡಿಯಾರವನ್ನು ಗೋಡೆಗೆ ತಿರುಗಿಸಿಡಿ.

ಚಿಂತಿ ಇಲ್ಲದವಂಗ ಸಂತ್ಯಾಗ ನಿದ್ದಿ ಅಂತಾರ. ನಂಗ ಅಂಥಾ ಚಿಂತಿ ಏನೂ ಇಲ್ಲ, ಮಗಳ ಲಗ್ನಾನೂ ಆತು. ಮತ್ತ ಯಾಕ ನಿದ್ದಿ ಇಲ್ಲ?

ಈ ಗಾದೆ ಎಷ್ಟು ಮಂದಿಯನ್ನು ನೋಯಿಸಿದೆ ಅಂತ ನನಗೆ ಗೊತ್ತು. ನಿದ್ದೆ ಇಲ್ಲ ಅಂದ ಕೂಡಲೇ ಮನೆಯವರು ಏನೋ ಮುಚ್ಚಿಡುತ್ತಿದ್ದಾಳೆ ಅಂತ ನೋಡುತ್ತಾರೆ.

ನಿದ್ದೆ ಕೆಡಲು ಶುರುವಾದ ಕಾರಣ ಒಂದು, ಕೆಟ್ಟದ್ದು ಹಾಗೇ ಉಳಿಯುವ ಕಾರಣ ಇನ್ನೊಂದು. ಆರ್ಥರ್ ಸ್ಪೀಲ್‌ಮನ್ ಅನ್ನುವ ಮನಃಶಾಸ್ತ್ರಜ್ಞರು 1980ರ ದಶಕದಲ್ಲೇ ಇದನ್ನು ಬಿಡಿಸಿ ಹೇಳಿದರು. ಮಗಳ ಲಗ್ನದ ಓಡಾಟದಲ್ಲಿ ನಿದ್ದೆ ಹೋಯಿತು ಅಂದುಕೊಳ್ಳಿ. ಆ ದಿನಗಳಲ್ಲಿ ನೀವು ಏನು ಮಾಡಿದಿರಿ? ರಾತ್ರಿ ಬಾರದ ನಿದ್ದೆಯನ್ನು ತುಂಬಿಕೊಳ್ಳಲು ಎಂಟಕ್ಕೇ ಹಾಸಿಗೆ ಸೇರಿದಿರಿ. ಮಧ್ಯಾಹ್ನ ಎರಡು ತಾಸು ಅಡ್ಡಾದಿರಿ. ಹಾಸಿಗೆಯಲ್ಲೇ ಹೊರಳಾಡುತ್ತಾ ಬೆಳಗು ಮಾಡಿದಿರಿ. ಲಗ್ನ ಮುಗಿಯಿತು, ಈ ರೂಢಿ ಉಳಿಯಿತು. ಹೊಲದ ದಾರಿ ಕಲಿತ ಎತ್ತು ಕೊರಳ ಹಗ್ಗ ಬಿಟ್ಟರೂ ಹೊಲಕ್ಕೇ ಹೋಗುತ್ತದಲ್ಲ, ಹಾಗೆ ನಿಮ್ಮ ಮೈ ಹಾಸಿಗೆ ಅಂದರೆ ಎಚ್ಚರವಾಗಿರುವ ಜಾಗ ಅಂತ ಕಲಿತುಬಿಟ್ಟಿದೆ. ಟಿವಿ ಮುಂದೆ ಕುರ್ಚಿಯಲ್ಲಿ ತೂಕಡಿಸುವ ನೀವು ಹಾಸಿಗೆಗೆ ಬಂದ ಕೂಡಲೇ ಕಣ್ಣು ಬಿಡುತ್ತೀರಿ ಅಂದರೆ ಇದೇ ಆಗಿದೆ. ಕಲಿತದ್ದನ್ನು ಮರೆಸಬಹುದು. ನಾನು ಎಲ್ಲರಿಗೂ ಹೇಳುವುದು ಈ ಒಂದೇ ಮಾತು, ಕೆಳಗಿನ ಬಹಳಷ್ಟು ಉತ್ತರಗಳೂ ಇದರ ಮೇಲೇ ನಿಂತಿವೆ.

## ಹಾಸಿಗೆ, ಶೆಕೆ, ಚಹಾ, ಪಾಳಿ

ಹಾಸಿಗ್ಯಾಗ ಬಿದ್ಕೊಂಡು ಜಂತಿ ಎಣಿಸೋದೇ ಆಗೇದ. ಆ ಹೊತ್ತಿಗೆ ಏನ್ ಮಾಡ್ಲಿ?

ಏಳಿ. ನಿದ್ದೆ ಬರದೆ ಸುಮಾರು ಇಪ್ಪತ್ತು ನಿಮಿಷ ಆಯಿತು ಅನ್ನಿಸಿದರೆ, ಗಡಿಯಾರ ನೋಡದೆ, ಹಾಸಿಗೆ ಬಿಟ್ಟು ಇನ್ನೊಂದು ಕಡೆ ಹೋಗಿ. ಒಂದೇ ಕೋಣೆಯ ಮನೆಯಾದರೆ ಅಡುಗೆಯ ಮೂಲೆಯೋ ಪಡಸಾಲೆಯೋ ಸಾಕು. ಸಣ್ಣ ದೀಪ ಹಚ್ಚಿ ಮನಸ್ಸಿಗೆ ಹುರುಪು ತಾರದ ಕೆಲಸ ಮಾಡಿ. ಫೋನು ಬೇಡ. ಕಣ್ಣು ಎಳೆಯತೊಡಗಿದಾಗ ಹಾಸಿಗೆಗೆ ಬನ್ನಿ, ಮತ್ತೆ ಬರಲಿಲ್ಲವೋ ಮತ್ತೆ ಏಳಿ. ರಾತ್ರಿ ಎಷ್ಟು ಕಡಿಮೆ ಮಲಗಿದ್ದರೂ ಬೆಳಿಗ್ಗೆ ಒಂದೇ ಹೊತ್ತಿಗೆ ಏಳಬೇಕು, ಹಗಲು ಮಲಗಬಾರದು. ಹಾಸಿಗೆ ಮೇಲೆ ಊಟ, ಲೆಕ್ಕ, ಜಗಳ, ಫೋನು ಯಾವುದೂ ಇಲ್ಲ. 1972ರಲ್ಲಿ ರಿಚರ್ಡ್ ಬೂಟ್‌ಜಿನ್ ಹೇಳಿಕೊಟ್ಟ ವಿಧಾನ ಇದು. ಗುಳಿಗೆಗಿಂತ ಮೊದಲು ಕೊಡಬೇಕಾದ ಚಿಕಿತ್ಸೆ ಅಂತ ವೈದ್ಯರು ಹೇಳುವ ಸಿಬಿಟಿ-ಐ, ಅಂದರೆ ಯೋಚನೆ, ರೂಢಿ ತಿದ್ದಿ ನಿದ್ದೆ ಸರಿಪಡಿಸುವ ಚಿಕಿತ್ಸೆಯಲ್ಲಿ ಇದು ಮುಖ್ಯ ಭಾಗ.

ಮಾನ್ವಿ ಕಡೆಯ ಒಬ್ಬ ಅಜ್ಜಿಗೆ ಇದನ್ನು ಹೇಳಿದಾಗ, ನಡುರಾತ್ರಿ ಎದ್ದು ಕೂತರೆ ಸೊಸೆ ಏನಂದಾಳು ಅಂತ ಅಳುಕಿದರು. ಬೀಜ ಬಿಡಿಸಿದ ಹತ್ತಿ ಒಂದು ಪುಟ್ಟಿಯಲ್ಲಿತ್ತು. ಗೋಡೆಗೆ ಒರಗಿ, ಎಡ ಅಂಗೈಯಲ್ಲಿ ಚೂರು ವಿಭೂತಿ ಹಚ್ಚಿಕೊಂಡು ಹೂಬತ್ತಿ ಹೊಸೆಯತೊಡಗಿದರು. ಮೊದಲ ವಾರ ರಾತ್ರಿಗೆ ನೂರು ದಾಟಿದವಂತೆ. ಮೂರನೇ ವಾರ ನಾನು ಹೋದಾಗ ಹತ್ತೋ ಹನ್ನೆರಡೋ ಬತ್ತಿಯ ಒಂದು ಸಣ್ಣ ಕಟ್ಟು ತೋರಿಸಿದರು, "ನಿನ್ನಿ ರಾತ್ರಿ ಇಷ್ಟ ಆತು ನೋಡವ್ವ, ಕೈಯಾಗ ಹತ್ತಿ ಹಿಡ್ಕೊಂಡೇ ತೂಕಡಿಸೀನಿ" ಅಂತ. ಮೊದಲ ವಾರ ಸುಸ್ತು ಹೆಚ್ಚಾಗುತ್ತದೆ, ಅದನ್ನು ಮುಂಚೆಯೇ ತಿಳಿದಿರಿ. ಅಲ್ಲಿಗೇ ಬಿಟ್ಟವರೇ ಹೆಚ್ಚು.

ಬ್ಯಾಸಗ್ಯಾಗ ಈ ಶೆಕಿಗೆ ಯಾರಿಗೆ ನಿದ್ದಿ ಬರ್ತದ್ರಿ?

ನಿದ್ದೆ ಹತ್ತಬೇಕಾದರೆ ಮೈಯ ಒಳಗಿನ ಬಿಸಿ ಸ್ವಲ್ಪ ಇಳಿಯಬೇಕು. ರಾಯಚೂರಿನ ಮೇ ತಿಂಗಳಲ್ಲಿ ಅದಕ್ಕೆ ಎಡೆಯೇ ಸಿಗುವುದಿಲ್ಲ. ಹಿಂದಿನ ಮಣ್ಣಿನ ಮಾಳಿಗೆ ಮನೆ ತಂಪಾಗಿರುತ್ತಿತ್ತು. ಈಗಿನ ಆರ್‌ಸಿಸಿ ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಒಳಕ್ಕೆ ಬಿಡುತ್ತದೆ. ಹೊತ್ತು ಮುಳುಗಿದ ಮೇಲೆ ಮಾಳಿಗೆಗೆ ನಾಲ್ಕು ಕೊಡ ನೀರು ಹೊಯ್ಯಿರಿ. ಬೇಸಿಗೆಗೆ ಮುಂಚೆ ಮೇಲೆ ಬಿಳಿ ಸುಣ್ಣ ಬಳಿದರೂ ಮನೆ ತಣ್ಣಗಿರುತ್ತದೆ. ಮಲಗುವ ಒಂದು ತಾಸು ಮುಂಚೆ ಉಗುರುಬೆಚ್ಚಗಿನ ನೀರಿನ ಸ್ನಾನ ಮಾಡಿ. ತೀರಾ ತಣ್ಣೀರು ಹೊಯ್ದುಕೊಂಡರೆ ಮೈ ಚುರುಕಾಗುತ್ತದೆ. ಹೊರಗೆ ಹೊರಸು ಹಾಕಿ ಮಲಗುವವರು ಸೊಳ್ಳೆ ಪರದೆ ಕಟ್ಟಲೇಬೇಕು.

ಸಂಜಿ ಆರಕ್ಕ ಒಗ್ಗರಣಿ ಮಿರ್ಚಿ ತಿಂದು ಒಂದ್ ಚಾ ಕುಡಿದ್ರ ಏನಾಗ್ತದ?

ಕುಡಿದ ಚಹಾದ ಕೆಫೀನಿನಲ್ಲಿ ಅರ್ಧ ಐದಾರು ತಾಸಿನ ನಂತರವೂ ರಕ್ತದಲ್ಲಿರುತ್ತದೆ. ಆರರ ಚಹಾ ಹನ್ನೊಂದಕ್ಕೂ ಎಬ್ಬಿಸುತ್ತಿರುತ್ತದೆ. ನಿದ್ದೆಗೆಟ್ಟವರು ಮಧ್ಯಾಹ್ನ ಎರಡರ ನಂತರ ಬಿಟ್ಟು ನೋಡಿ. ಮಿರ್ಚಿಯಿಂದ ಎದೆ ಉರಿದರೆ ಅದೂ ನಿದ್ದೆ ಕೆಡಿಸುತ್ತದೆ. ಚಹಾ ಬಿಟ್ಟೆ ಅನ್ನುವವರು ಬಾಯಲ್ಲಿ ಗುಟ್ಕಾ ಇಟ್ಟುಕೊಂಡೇ ಹೇಳುತ್ತಾರೆ. ನಿಕೋಟಿನ್ ಕೂಡ ಎಬ್ಬಿಸುವ ಪದಾರ್ಥವೇ.

ಒಂದ್ ಕ್ವಾರ್ಟರ್ ಹಾಕಿದ್ರ ನಿದ್ದಿ ಬರ್ತದಲ್ಲ ಸಿಸ್ಟರ್?

ಬರುತ್ತದೆ, ಅಣ್ಣಾ. ಬಂದದ್ದು ಉಳಿಯುವುದಿಲ್ಲ. ಕುಡಿತ ಮೊದಲರ್ಧ ರಾತ್ರಿಯ ಕನಸಿನ ನಿದ್ದೆಯನ್ನು ಒತ್ತಿ ಹಿಡಿಯುತ್ತದೆ. ಅಮಲು ಇಳಿದ ಮೇಲೆ, ಎರಡು ಮೂರು ಗಂಟೆಗೆ, ಅದು ಸೇರಿಸಿ ನುಗ್ಗುತ್ತದೆ. ಬೆವತು ಎದ್ದು ಕೂರುವುದು, ಭಯಂಕರ ಕನಸು ಎಲ್ಲ ಆಗಲೇ. ದಿನಾ ಹೆಚ್ಚು ಕುಡಿಯುವವರು ಮಾತ್ರ ಒಮ್ಮೆಲೇ ನಿಲ್ಲಿಸಬೇಡಿ. ಕೈನಡುಕ, ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ವೈದ್ಯರ ಕಣ್ಗಾವಲಿನಲ್ಲಿ ಬಿಡಬೇಕು.

ವಾರ ವಾರ ಪಾಳಿ ಬದಲಾಗ್ತದ. ಗಣಿ ಕೆಲಸ. ನಾವ್ ಹ್ಯಾಂಗ ನಿದ್ದಿ ಮಾಡಬೇಕು?

ಹಟ್ಟಿಯ ಗಣಿ, ಶಕ್ತಿನಗರದ ವಿದ್ಯುತ್ ಕೇಂದ್ರ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಗಂಗಾವತಿ, ಕಾರಟಗಿಯ ರೈಸ್‌ಮಿಲ್ಲು, ಇವರೆಲ್ಲರ ಪ್ರಶ್ನೆ ಇದು. ನನ್ನದೂ ಆಗಿತ್ತು.

ರಾತ್ರಿ ಪಾಳಿ ಮುಗಿಸಿ ಎಂಟಕ್ಕೆ ಹೊರಗೆ ಬಂದರೆ ಬಿಸಿಲು ನೇರ ಕಣ್ಣಿಗೆ. ಆ ಬೆಳಕೇ ಮೆದುಳಿಗೆ ಬೆಳಗಾಯಿತು ಅಂತ ಸಾರುತ್ತದೆ. ನಾನು ಕಪ್ಪು ಕನ್ನಡಕ ಹಾಕಿಕೊಂಡು ಬಸ್ಸು ಹತ್ತತೊಡಗಿದೆ, ಕಿಟಕಿಗೆ ಹಳೆಯ ಕಂಬಳಿ ಮೊಳೆ ಹೊಡೆದು ಕಟ್ಟಿದೆ, ಕಿವಿಗೆ ಹತ್ತಿ ಇಟ್ಟೆ. ಅಡುಗೆ, ಬಟ್ಟೆ ಮುಗಿಸಿ ಮಲಗುತ್ತೇನೆ ಅಂದುಕೊಂಡ ದಿನ ನಿದ್ದೆ ಬಂದದ್ದೇ ಇಲ್ಲ. ಮನೆಗೆ ಬಂದು ಒಂದು ರೊಟ್ಟಿ ತಿಂದು ಸೀದಾ ಮಲಗುವುದು ಸರಿ. ಇದನ್ನು ಮನೆಯವರಿಗೆ ಒಪ್ಪಿಸುವುದೇ ಕಷ್ಟ. ಹಗಲು ಮಲಗಿದ ಹೆಂಗಸನ್ನು ಸೋಮಾರಿ ಅನ್ನುತ್ತಾರೆ, ಗಂಡಸಿಗೆ ಹಾಗೆ ಅನ್ನುವುದಿಲ್ಲ.

ಪಾಳಿಗೆ ಹೋಗುವ ಮುಂಚೆ ಸಂಜೆ ಒಂದೂವರೆ ತಾಸು ಮಲಗಿದರೆ ರಾತ್ರಿ ತಡೆಯುತ್ತದೆ. ಪಾಳಿಯವರಿಗೆ ಹಗಲು ನಿದ್ದೆ ಬೇಡ ಅನ್ನುವ ನಿಯಮ ಇಲ್ಲ. ಪಾಳಿ ಬದಲಿಸುವುದಾದರೆ ಬೆಳಿಗ್ಗೆಯಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ರಾತ್ರಿಗೆ ಮುಂದಕ್ಕೆ ಹೋಗುವುದು ದೇಹಕ್ಕೆ ಸುಲಭ, ಹಿಂದಕ್ಕೆ ಕಷ್ಟ. ಯೂನಿಯನ್ನಿನವರು ಮಾತಾಡುವಾಗ ಇದನ್ನೂ ಕೇಳಬೇಕು. ರಾತ್ರಿ ನೀರಿನ ಪಾಳಿಗೆ, ತ್ರಿಫೇಸ್ ಕರೆಂಟಿಗೆ ಅಂತ ಹೊಲಕ್ಕೆ ಹೋಗುವ ರೈತರಿಗೂ ಇದೇ ಮಾತು. ನಸುಕಿನಲ್ಲಿ ನಿದ್ದೆಗಣ್ಣಲ್ಲಿ ಬೈಕ್ ಓಡಿಸಿ ಬರಬೇಡಿ, ಪಂಪ್‌ಸೆಟ್ ಶೆಡ್ಡಿನಲ್ಲಿ ಅರ್ಧ ತಾಸು ಅಡ್ಡಾಗಿ ಬನ್ನಿ.

## ಕನಸಿನ ಪ್ರಶ್ನೆಗಳು

ನಸುಕಿನ ಕನಸು ಖರೆ ಆಗ್ತದಂತ. ನಮ್ಮವ್ವ ಸತ್ತಂಗ ಬಿದ್ದೇತಿ, ಎದಿ ಢವಢವ ಅನ್ನಾಕತ್ತೈತಿ.

ಮೊದಲು ಅವ್ವನಿಗೆ ಫೋನ್ ಮಾಡಿ ಮಾತಾಡಿ. ಆಮೇಲೆ ಇದನ್ನು ಓದಿ.

1953ರಲ್ಲಿ ಷಿಕಾಗೋದಲ್ಲಿ ಅಸೆರಿನ್‌ಸ್ಕಿ ಮತ್ತು ಕ್ಲೀಟ್‌ಮನ್ ಅನ್ನುವವರು, ಮಲಗಿದವರ ರೆಪ್ಪೆಯೊಳಗೆ ಕಣ್ಣುಗುಡ್ಡೆ ಸರಸರ ಓಡಾಡುವ ಒಂದು ಹಂತವನ್ನು ಗುರುತಿಸಿದರು. ಆ ಹೊತ್ತಿನಲ್ಲಿ ಎಬ್ಬಿಸಿದರೆ ಹೆಚ್ಚಿನವರು ಕನಸು ಹೇಳುತ್ತಾರೆ. ಅದನ್ನು ರೆಮ್ ನಿದ್ರೆ ಅನ್ನುತ್ತಾರೆ. ಸುಮಾರು ಒಂದೂವರೆ ತಾಸಿಗೊಮ್ಮೆ ಅದು ಬರುತ್ತದೆ, ಮೊದಲ ಸುತ್ತಿನಲ್ಲಿ ಕೆಲವೇ ನಿಮಿಷ, ಬೆಳಗಾಗುತ್ತಾ ಉದ್ದವಾಗುತ್ತದೆ. ಅಂದರೆ ನಸುಕಿನಲ್ಲಿ ಕನಸು ಹೆಚ್ಚು, ಉದ್ದ, ಗಾಢ. ಜೊತೆಗೆ ಏಳುವ ಹೊತ್ತು ಹತ್ತಿರ ಇರುವುದರಿಂದ ನೆನಪೂ ಉಳಿಯುತ್ತದೆ. ನಮ್ಮ ಹಿರಿಯರು ಬೆಳಗಿನ ಜಾವದ ಕನಸು ಬೇರೆ ಥರ ಅಂತ ಗಮನಿಸಿದ್ದು ಸರಿಯಾಗಿಯೇ ಇತ್ತು. ಅದು ನಿಜವಾಗುತ್ತದೆ ಅನ್ನುವುದಕ್ಕೆ ಮಾತ್ರ ಆಧಾರವಿಲ್ಲ. ಬಿದ್ದ ನೂರು ಕನಸಿನಲ್ಲಿ ಹೊಂದಿಕೊಂಡ ಒಂದನ್ನು ಹೇಳಿಕೊಂಡು ತಿರುಗುತ್ತೇವೆ, ತೊಂಬತ್ತೊಂಬತ್ತು ಮರೆತುಹೋಗುತ್ತವೆ.

ಎಚ್ಚರ ಇರ್ತದ, ಆದ್ರ ಎದಿ ಮ್ಯಾಲ ಯಾರೋ ಕುಂತಂಗ ಆಗಿ ಕೂಗಾಕ ಬರಂಗಿಲ್ಲ. ಗಾಳಿ ಏನರ ಬಡ್ದೇತೇನು?

ಗಾಳಿಯಲ್ಲ. ರೆಮ್ ನಿದ್ರೆಯಲ್ಲಿ ನಾವು ಕನಸಿನಂತೆ ಕೈಕಾಲು ಆಡಿಸದಿರಲಿ ಅಂತ ಮೆದುಳು ಸ್ನಾಯುಗಳಿಗೆ ಬೀಗ ಹಾಕಿರುತ್ತದೆ. ಕೆಲವೊಮ್ಮೆ ಎಚ್ಚರ ಮೊದಲು ಬಂದು ಬೀಗ ತಡವಾಗಿ ತೆಗೆಯುತ್ತದೆ. ಆ ನಡುವಿನ ಗಳಿಗೆಯಲ್ಲಿ ಕನಸಿನ ಚೂರು ಕಣ್ಣ ಮುಂದೆಯೇ ನಿಲ್ಲುತ್ತದೆ. ಮೂಲೆಯಲ್ಲಿ ಕಪ್ಪಗೆ ಯಾರೋ ನಿಂತಂತೆ ಕಾಣುತ್ತದೆ. ಉಸಿರು ನಿಲ್ಲುವುದಿಲ್ಲ, ಜೀವಕ್ಕೆ ಅಪಾಯವಿಲ್ಲ, ಒಂದೆರಡು ನಿಮಿಷದಲ್ಲಿ ಹೋಗುತ್ತದೆ. ಕಿರುಬೆರಳು ಅಲುಗಿಸಲು ನೋಡಿ, ಅಷ್ಟು ಅಲುಗಿದರೆ ಉಳಿದ ಮೈ ಬಿಡುತ್ತದೆ. ನಿದ್ದೆ ಸಾಲದವರಿಗೆ, ಅಂಗಾತ ಮಲಗುವವರಿಗೆ ಇದು ಹೆಚ್ಚು. ತಲೆದಿಂಬಿನ ಕೆಳಗೆ ಕುಡುಗೋಲು ಇಡುವ ಮನೆಗಳನ್ನು ನೋಡಿದ್ದೇನೆ. ಕೈ ಕೊಯ್ದುಕೊಂಡ ಹುಡುಗನಿಗೆ ಹೊಲಿಗೆಯನ್ನೂ ಹಾಕಿದ್ದೇನೆ. ಅದನ್ನು ದಯವಿಟ್ಟು ತೆಗೆದಿಡಿ.

ಐದ್ ವರ್ಷದ ಮಗ ಚಿಟ್ಟನೆ ಚೀರಿ ಎದ್ದು ಕುಂದರ್ತಾನ. ನನ್ನೇ ಗುರುತು ಹಿಡಿಯಂಗಿಲ್ಲ. ಮುಂಜಾನಿ ಕೇಳಿದ್ರ ಏನೂ ನೆನಪಿಲ್ಲ ಅಂತಾನ.

ಇದು ಕೆಟ್ಟ ಕನಸಲ್ಲ, ನಿದ್ರಾಭೀತಿ. ಮಲಗಿದ ಮೊದಲ ಎರಡು ಮೂರು ತಾಸಿನೊಳಗೆ, ಗಾಢ ನಿದ್ದೆಯಿಂದ ಅರೆಬರೆ ಎದ್ದಾಗ ಆಗುತ್ತದೆ. ಕಣ್ಣು ತೆರೆದಿದ್ದರೂ ಮಗು ಮಲಗಿಯೇ ಇದೆ. ಕೆಟ್ಟ ಕನಸಾದರೆ ನಸುಕಿನ ಕಡೆ ಬೀಳುತ್ತದೆ, ಮಗು ಪೂರ್ತಿ ಎದ್ದು ಅವ್ವನನ್ನು ತಬ್ಬಿ ಹಾವು, ನಾಯಿ ಅಂತ ಹೇಳುತ್ತದೆ.

ನಿದ್ರಾಭೀತಿಯಲ್ಲಿ ಅಲುಗಾಡಿಸಿ ಎಬ್ಬಿಸಬೇಡಿ, ಮುಖಕ್ಕೆ ನೀರು ಎರಚಬೇಡಿ. ಬೀಳದಂತೆ ಪಕ್ಕದಲ್ಲಿದ್ದು ಮೆಲ್ಲಗೆ ಮಾತಾಡಿ ಮಲಗಿಸಿ. ದಿನಾ ಒಂದೇ ಹೊತ್ತಿಗೆ ಆಗುತ್ತಿದ್ದರೆ ಅದಕ್ಕೆ ಕಾಲು ತಾಸು ಮುಂಚೆ ಹಗುರಾಗಿ ಎಬ್ಬಿಸಿ ಮತ್ತೆ ಮಲಗಿಸಿ, ಕೆಲವು ವಾರ. ಜ್ವರ, ಜಾತ್ರೆಯ ದಣಿವು, ತಡವಾಗಿ ಮಲಗಿದ್ದು ಇದನ್ನು ಹೆಚ್ಚಿಸುತ್ತವೆ. ಬೆಳೆದಂತೆ ಹೆಚ್ಚಿನ ಮಕ್ಕಳಲ್ಲಿ ಹೋಗುತ್ತದೆ. ಕೈಕಾಲು ಒಂದೇ ತಾಳದಲ್ಲಿ ಸೆಟೆದರೆ, ನಾಲಿಗೆ ಕಚ್ಚಿಕೊಂಡರೆ ಫಿಟ್ಸ್ ಇರಬಹುದು, ಫೋನಿನಲ್ಲಿ ವಿಡಿಯೋ ಮಾಡಿಕೊಂಡು ಮಕ್ಕಳ ವೈದ್ಯರಿಗೆ ತೋರಿಸಿ.

ದೃಷ್ಟಿ ತೆಗೀಲಾ? ಹುಲಿಗೆಮ್ಮಗ ಹರಕಿ ಹೊರ್ಲಾ? ದರ್ಗಾಕ್ಕ ಒಯ್ದು ತಾಯತ ಕಟ್ಟಿಸ್ಲಾ?

ನಿಮ್ಮ ನಂಬಿಕೆಗೆ ನಾನು ಅಡ್ಡ ಬರುವುದಿಲ್ಲ. ಉಪ್ಪು ಮೆಣಸಿನಕಾಯಿ ನಿವಾಳಿಸಿದ ಮೇಲೆ ಅವ್ವ ಧೈರ್ಯವಾಗಿರುತ್ತಾಳೆ, ಅವ್ವನ ಧೈರ್ಯ ನೋಡಿ ಮಗು ಮಲಗುತ್ತದೆ. ಹೊಡೆಯುವುದು, ಬರೆ ಹಾಕುವುದು, ಹೊಗೆ ಹಿಡಿಸುವುದು, ಉಪವಾಸ ಕೆಡವುವುದು, ನಡೆಯುತ್ತಿರುವ ಗುಳಿಗೆ ನಿಲ್ಲಿಸುವುದು, ಇವಕ್ಕೆ ಮಾತ್ರ ಯಾರು ಹೇಳಿದರೂ ಒಪ್ಪಬೇಡಿ.

ಹದಿನೈದ್ ವರ್ಷ ಆತು. ಮಳಿ ಹತ್ತಿದ್ರ ಸಾಕು, ಅದೇ ಕನಸು. ನೀರು ಹೊಸ್ತಿಲ ದಾಟಿ ಬರ್ತದ, ಕೂಸು ಕೈ ಜಾರ್ತದ. ಇದು ಹೋಗೂದೇ ಇಲ್ಲೇನು?

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ನೆರೆಯನ್ನು ಕಂಡ ಕೃಷ್ಣೆ, ತುಂಗಭದ್ರೆ ದಂಡೆಯ ಊರುಗಳಲ್ಲಿ ಈ ಪ್ರಶ್ನೆಯನ್ನು ನಾನು ಬಹಳ ಸಲ ಕೇಳಿದ್ದೇನೆ. ಮಾತು ಬೇರೆ ಬೇರೆ, ನೀರು ಒಂದೇ. ಲಾರಿ ಅಪಘಾತ ಕಂಡವರಿಗೆ, ಮನೆಯಲ್ಲಿ ಹೊಡೆತ ತಿಂದವರಿಗೆ, ಬಲಾತ್ಕಾರಕ್ಕೆ ಒಳಗಾದವರಿಗೆ ಅವರವರ ಕನಸು ಹೀಗೇ ಮರಳುತ್ತದೆ. ಹೋಗುತ್ತದೆ, ಅಕ್ಕಾ. ಇದಕ್ಕೆ ದಾರಿ ಇದೆ ಅಂತ ಯಾರೂ ಹೇಳದೆ ಇರುವುದರಿಂದ ಜನ ಹಣೆಬರಹ ಅಂತ ಹೊತ್ತು ತಿರುಗುತ್ತಾರೆ.

ದಾರಿಯ ಹೆಸರು ಕನಸನ್ನು ತಿದ್ದಿ ಅಭ್ಯಾಸ ಮಾಡುವುದು. ಹಗಲು ಹೊತ್ತು, ಮನಸ್ಸು ಶಾಂತವಿದ್ದಾಗ, ಒಂದು ಕನಸು ಆರಿಸಿಕೊಳ್ಳಿ. ಮೊದಲಿಗೇ ಅತಿ ಭಯಂಕರದ್ದು ಬೇಡ, ಸಣ್ಣದು ಸಾಕು. ಅದನ್ನು ಬರೆಯಿರಿ, ಅಕ್ಷರ ಬಾರದಿದ್ದರೆ ನಂಬಿಕೆಯ ಒಬ್ಬರಿಗೆ ಹೇಳಿ. ಈಗ ಅದನ್ನು ಎಲ್ಲಿ ಬೇಕೋ ಅಲ್ಲಿ, ನಿಮಗೆ ತೋಚಿದಂತೆ ಬದಲಿಸಿ. ಬದಲಾದ ಕನಸನ್ನು ದಿನಾ ಹತ್ತರಿಂದ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ ಮನಸ್ಸಿನಲ್ಲಿ ನೋಡಿ. ಹಳೆಯದನ್ನು ಮತ್ತೆ ಮತ್ತೆ ನೋಡುವುದು ಬೇಡ.

ಒಬ್ಬ ತಾಯಿ ಬದಲಿಸಿದ್ದು ಹೀಗೆ. ಕನಸಿನಲ್ಲಿ ನೀರು ಬರುತ್ತದೆ, ಆದರೆ ಹೊಸ್ತಿಲ ಬಳಿ ತೀರಿಹೋದ ತನ್ನ ಅತ್ತೆ ಕಂಚಿನ ಪರಾತ ಹಿಡಿದು ನಿಂತಿದ್ದಾಳೆ. ಪರಾತ ದೋಣಿಯಷ್ಟು ದೊಡ್ಡದಾಗುತ್ತದೆ. ಕೂಸನ್ನು ಅದರಲ್ಲಿ ಕೂರಿಸಿ ಅತ್ತೆ "ನಡಿ" ಅನ್ನುತ್ತಾಳೆ. ಮೊದಲು ನಾನು ನೀರೇ ಇಲ್ಲದಂತೆ ಮಾಡಿ ಅಂದಿದ್ದೆ, ಆಕೆಗೆ ಅದು ಸುಳ್ಳು ಅನ್ನಿಸಿತು. ನೀರು ಇರಲಿ, ಕೈ ಜಾರುವುದು ಬೇಡ ಅಂದಳು. ಆಕೆ ಸರಿಯಿದ್ದಳು, ನಾನು ತಪ್ಪಿದ್ದೆ. ಬದಲಾವಣೆ ಕನಸು ಕಂಡವರದೇ ಆಗಬೇಕು. ಎರಡು ತಿಂಗಳ ಮೇಲೆ, ಕನಸು ತಿಂಗಳಿಗೊಮ್ಮೆ ಬಂದರೆ ಹೆಚ್ಚು ಅಂದಳು, ಅದೂ ಎಬ್ಬಿಸುವಷ್ಟು ಜೋರಿಲ್ಲ.

ಇದು ನಮ್ಮೂರ ಉಪಾಯ ಅಲ್ಲ. ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದ 168 ಹೆಂಗಸರ ಮೇಲೆ ಅಮೆರಿಕದಲ್ಲಿ ಬ್ಯಾರಿ ಕ್ರಾಕೋ ಮತ್ತು ಜೊತೆಗಾರರು ನಡೆಸಿದ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಅಭ್ಯಾಸ ಮಾಡಿದವರಲ್ಲಿ ಕೆಟ್ಟ ಕನಸೂ ಇಳಿದವು, ನಿದ್ದೆಯೂ ಸುಧಾರಿಸಿತು. ಹಗಲಿನಲ್ಲೂ ಆ ಘಟನೆ ಕಣ್ಣಿಗೆ ಕಟ್ಟಿ ನಡುಕ ಬರುತ್ತಿದ್ದರೆ, ಕನಸು ನೆನೆದರೇ ಉಸಿರು ಸಿಕ್ಕಿಕೊಂಡರೆ ಒಬ್ಬರೇ ಮಾಡಬೇಡಿ, ಆಪ್ತಸಮಾಲೋಚಕರ ಜೊತೆ ಕೂತು ಮಾಡಿ.

## ಗುಳಿಗೆ ಮತ್ತು ಕಠಿಣ ಪ್ರಶ್ನೆಗಳು

ಮೆಡಿಕಲ್ ಶಾಪಿನ್ಯಾಗ ಕೇಳಿ ನಿದ್ದಿ ಗುಳಿಗಿ ತಗೊಂಡ್ರ ತಪ್ಪೇನು?

ನಾನೇ ತೆಗೆದುಕೊಂಡಿದ್ದೆ. ನಮ್ಮ ಯಜಮಾನರು ತೀರಿಕೊಂಡ ವರ್ಷ, ಪರಿಚಯದ ಅಂಗಡಿಯವರು ಚೀಟಿ ಕೇಳದೆ ಅಲ್ಪ್ರಜೋಲಮ್ ಪಟ್ಟಿ ಕೊಟ್ಟರು. ಗೊತ್ತಿದ್ದ ನರ್ಸ್ ಅಂತ ಕೊಟ್ಟರು, ಗೊತ್ತಿದ್ದೂ ನಾನು ನುಂಗಿದೆ. ಮೊದಲ ವಾರ ಸೊಗಸಾದ ನಿದ್ದೆ. ಎರಡನೇ ತಿಂಗಳಿಗೆ ಒಂದು ಸಾಲದೆ ಎರಡಾಯಿತು. ಒಂದು ದಿನ ಪಟ್ಟಿ ಮುಗಿದು, ಇನ್ನು ಬೇಡ ಅಂತ ಹಟ ಮಾಡಿ ನಿಲ್ಲಿಸಿದೆ. ಮೂರು ರಾತ್ರಿ ರೆಪ್ಪೆ ಕೂಡಲಿಲ್ಲ, ಕೈಯಲ್ಲಿ ಸೂಜಿ ನಿಲ್ಲಲಿಲ್ಲ, ಕಣ್ಣು ಮುಚ್ಚಿದರೆ ಕನಸು ನುಗ್ಗಿತು. ಗುಳಿಗೆ ಇಲ್ಲದೆ ನನಗೆ ನಿದ್ದೆಯೇ ಇಲ್ಲ ಅಂದುಕೊಂಡೆ. ಅದು ಗುಳಿಗೆ ಒಮ್ಮೆಲೇ ಬಿಟ್ಟಿದ್ದರ ಮರುಹೊಡೆತ. ಆಮೇಲೆ ಮನೋವೈದ್ಯರು ಕಾಲು ಕಾಲು ಗುಳಿಗೆ ಇಳಿಸುತ್ತಾ ವಾರಗಳ ಮೇಲೆ ಬಿಡಿಸಿದರು.

ಇಂಥ ಗುಳಿಗೆ ಕೆಲವು ದಿನಕ್ಕೆ, ವೈದ್ಯರು ಹೇಳಿದಷ್ಟಕ್ಕೆ. ವಯಸ್ಸಾದವರು ರಾತ್ರಿ ಎದ್ದು ಬಿದ್ದು ಸೊಂಟ ಮುರಿದುಕೊಳ್ಳುವುದಕ್ಕೂ ಇವು ಕಾರಣವಾಗುತ್ತವೆ. ಕುಡಿತದ ಜೊತೆ ನುಂಗಿದರೆ ಉಸಿರೇ ನಿಲ್ಲಬಹುದು. ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತಿರುವವರು ಇದನ್ನು ಓದಿ ಇವತ್ತೇ ನಿಲ್ಲಿಸಬೇಡಿ.

ಬಿ.ಪಿ. ಗುಳಿಗಿ ಚಾಲೂ ಮಾಡಿದ ಮ್ಯಾಲ ಕನಸು ಜಾಸ್ತಿ ಆಗ್ಯಾವ. ಸಂಬಂಧ ಐತಾ?

ಇರಬಹುದು. ಪ್ರೊಪ್ರನೊಲಾಲ್, ಮೆಟೊಪ್ರೊಲಾಲ್ ಜಾತಿಯ ಗುಳಿಗೆಗಳು ಕೆಲವರಲ್ಲಿ ಕನಸು ಹೆಚ್ಚಿಸುತ್ತವೆ. ಖಿನ್ನತೆಯ ಕೆಲವು ಗುಳಿಗೆ, ಕೈಕಾಲು ನಡುಗುವ ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಲೆವೊಡೋಪಾ ಕೂಡ. ಯಾವ ತಾರೀಖಿಗೆ ಶುರು ಮಾಡಿದಿರಿ, ಕನಸು ಯಾವಾಗಿನಿಂದ ಅಂತ ಬರೆದು ವೈದ್ಯರಿಗೆ ತೋರಿಸಿ. ಗುಳಿಗೆ ಬದಲಿಸುವುದು ಅವರ ಕೆಲಸ.

ಎಲ್ಲಾ ಮಾಡಿ ನೋಡೀನಿ. ಹತ್ತಕ್ಕ ಮಲಗ್ತೀನಿ, ಆರಕ್ಕ ಏಳ್ತೀನಿ, ನಡುವ ಬರೇ ಐದೂವರಿ ತಾಸು ನಿದ್ದಿ. ಇನ್ನೇನ್ ಮಾಡ್ಲಿ?

ಹಾಸಿಗೆಯ ಹೊತ್ತು ಕಡಿಮೆ ಮಾಡಿ. ಕೇಳಲು ಉಲ್ಟಾ ಅನ್ನಿಸುತ್ತದೆ. ಎರಡು ವಾರ ಬರೆದಿಟ್ಟ ಲೆಕ್ಕದಲ್ಲಿ ಸರಾಸರಿ ಐದೂವರೆ ತಾಸು ಬಂದರೆ, ಹಾಸಿಗೆಯಲ್ಲಿರುವುದೂ ಐದೂವರೆ ತಾಸೇ. ಆರಕ್ಕೆ ಏಳುವವರು ಹನ್ನೆರಡೂವರೆವರೆಗೆ ಮಲಗುವಂತಿಲ್ಲ. ಕೆಲವು ದಿನದಲ್ಲಿ ನಿದ್ದೆ ಗಟ್ಟಿಯಾಗುತ್ತದೆ, ತೆಳ್ಳಗೆ ಹರಡಿದ್ದ ನೀರನ್ನು ಬದು ಕಟ್ಟಿ ನಿಲ್ಲಿಸಿದ ಹಾಗೆ. ಹಾಸಿಗೆಯಲ್ಲಿದ್ದ ಹೊತ್ತಿನ ಶೇ. 85ರಷ್ಟು ನಿದ್ದೆಯಾಗತೊಡಗಿದರೆ ವಾರಕ್ಕೆ ಕಾಲು ತಾಸಿನಂತೆ ಮುಂಚೆ ಮಲಗುತ್ತಾ ಬನ್ನಿ. ಐದು ತಾಸಿಗಿಂತ ಕೆಳಗೆ ಇಳಿಸಲೇಬಾರದು. ಫಿಟ್ಸ್ ಇರುವವರು, ಮನಸ್ಸು ವಿಪರೀತ ಏರಿ ಇಳಿಯುವ ಬೈಪೋಲಾರ್ ಕಾಯಿಲೆಯವರು, ಗರ್ಭಿಣಿಯರು, ಲಾರಿ ಟ್ರ್ಯಾಕ್ಟರ್ ಓಡಿಸುವವರು, ಯಂತ್ರದ ಮುಂದೆ ನಿಲ್ಲುವವರು ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು.

ನಮ್ಮ ಮನಿಯವ್ರು ಜೋರು ಗೊರಕಿ ಹೊಡೀತಾರ, ನಡುವ ಉಸಿರು ನಿಂತಂಗ ಆಗಿ ಗಕ್ಕನ ಏಳ್ತಾರ.

ಸ್ಲೀಪ್ ಅಪ್ನಿಯಾ ಇರಬಹುದು. ಗಂಟಲ ದಾರಿ ಮುಚ್ಚಿ ಉಸಿರು ಕಟ್ಟುತ್ತದೆ. ಹಗಲು ತೂಕಡಿಕೆ, ಬೆಳಗಿನ ತಲೆನೋವು, ಇಳಿಯದ ಬಿ.ಪಿ. ಜೊತೆಗಿದ್ದರೆ ತಡ ಮಾಡಬೇಡಿ. ಇವರಿಗೆ ನಿದ್ದೆ ಗುಳಿಗೆ ಕೊಡುವುದು ಅಪಾಯ.

ಮಾವನವ್ರು ಕನಸಿನ್ಯಾಗ ಒದೀತಾರ, ಬಡೀತಾರ. ಅತ್ತಿಗೆ ಕಣ್ಣು ಬಾತಿತ್ತು.

ಬೈಯಬೇಡಿ, ಅವರು ಬೇಕಂತ ಮಾಡಿದ್ದಲ್ಲ. ಮೇಲೆ ಹೇಳಿದ ಸ್ನಾಯುವಿನ ಬೀಗ ಅವರಲ್ಲಿ ಸಡಿಲಾಗಿದೆ, ಕನಸಿನ ಜಗಳ ಹಾಸಿಗೆಗೆ ಬರುತ್ತದೆ. ಐವತ್ತು ದಾಟಿದ ಗಂಡಸರಲ್ಲಿ ಹೆಚ್ಚು. ಕೆಲವರಲ್ಲಿ ವರ್ಷಗಳ ನಂತರ ಬರುವ ಪಾರ್ಕಿನ್ಸನ್ ಕಾಯಿಲೆಯ ಮುಂಗುರುತು ಇದಾಗಿರುತ್ತದೆ, ಆದ್ದರಿಂದ ನರರೋಗ ತಜ್ಞರಿಗೆ ತೋರಿಸಲೇಬೇಕು. ಅಲ್ಲಿಯವರೆಗೆ ಹಾಸಿಗೆ ಬೇರೆ ಮಾಡಿ, ನೆಲದ ಮೇಲೆ ಮಲಗಿಸಿ, ಹತ್ತಿರ ಗಡುಸು ವಸ್ತು ಇಡಬೇಡಿ.

ರಾತ್ರಿ ಬಂದ್ರ ಅಂಜಿಕಿ. ಒಮ್ಮೊಮ್ಮೆ ಸತ್ರ ಚಲೋ, ನಿದ್ದಿನರ ಹತ್ತೀತು ಅನಸ್ತದ.

ಇದನ್ನು ಹೇಳಿದ್ದಕ್ಕೆ ನಿಮಗೆ ಕೈಮುಗಿಯುತ್ತೇನೆ. ಇವತ್ತೇ ಒಬ್ಬರಿಗೆ ಹೇಳಿ, ಅಕ್ಕನೋ ಗೆಳತಿಯೋ ಆಶಾ ಕಾರ್ಯಕರ್ತೆಯೋ ಯಾರಾದರೂ ಸರಿ. 14416ಕ್ಕೆ ಫೋನ್ ಮಾಡಿ. ಅದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಈಗಲೇ ಏನಾದರೂ ಮಾಡಿಕೊಂಡೇನು ಅನ್ನಿಸಿದರೆ 112ಕ್ಕೆ ಕರೆ ಮಾಡಿ ಅಥವಾ ಯಾರನ್ನಾದರೂ ಜೊತೆ ಕರೆದುಕೊಂಡು ಹತ್ತಿರದ ಆಸ್ಪತ್ರೆಗೆ ಹೋಗಿ.

ಮನೆಯವರಿಗೆ ಒಂದು ಮಾತು. ನಮ್ಮ ಕಡೆ ಹತ್ತಿ, ಮೆಣಸಿನಕಾಯಿ, ಭತ್ತಕ್ಕೆ ಹೊಡೆಯುವ ಎಣ್ಣೆಯ, ಅಂದರೆ ಕೀಟನಾಶಕದ ಡಬ್ಬಿ ಮನೆಯ ಮೂಲೆಯಲ್ಲೇ ಇರುತ್ತದೆ. ಬೀಗ ಹಾಕಿ, ಆಗದಿದ್ದರೆ ಬೇರೆಯವರ ಮನೆಗೆ ಸಾಗಿಸಿ. ದುಡುಕಿನ ಆ ಗಳಿಗೆ ದಾಟಿದರೆ ಮನುಷ್ಯ ಉಳಿಯುತ್ತಾನೆ. ವಾರ್ಡಿನಲ್ಲಿ ನಿಂತು ಕಂಡಿದ್ದೇನೆ.

ಯಾರಿಗೆ ತೋರಸ್ಬೇಕು? ನಿದ್ದಿಗೋಸ್ಕರ ಹುಚ್ಚರ ಡಾಕ್ಟ್ರ ಕಡೆ ಹೋದ್ರ ಮಂದಿ ಏನಂದಾರು?

ಮಂದಿ ಅನ್ನುವುದಕ್ಕಿಂತ ಮುಂಚೆ ನಮ್ಮ ಸೀಮೆಯ ಒಂದು ಸಂಗತಿ ಕೇಳಿ. 1985ರಿಂದ 1990ರವರೆಗೆ ಬೆಂಗಳೂರಿನ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು ಮನಸ್ಸಿನ ಕಾಯಿಲೆಗೆ ಊರ ಹತ್ತಿರವೇ ಚಿಕಿತ್ಸೆ ಸಿಗುವಂತೆ ಮಾಡಿ ತೋರಿಸಿತು. ಅದನ್ನು ಬಳ್ಳಾರಿ ಮಾದರಿ ಅನ್ನುತ್ತಾರೆ. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಿಂತದ್ದು ಅದರ ಮೇಲೆ. ಇಡೀ ದೇಶ ನಮ್ಮ ಹಳ್ಳಿಗಳಿಂದ ಕಲಿತಿದ್ದನ್ನು ಬಳಸಿಕೊಳ್ಳಲು ನಾವೇ ನಾಚುವುದು ನನಗೆ ಸಂಕಟ.

ಮೊದಲು ನಿಮ್ಮ ಆರೋಗ್ಯ ಕೇಂದ್ರಕ್ಕೆ ಹೋಗಿ. ಥೈರಾಯ್ಡ್, ಸಕ್ಕರೆ, ರಕ್ತಹೀನತೆ ನೋಡಿಸಿ. ರಾತ್ರಿ ಕಾಲು ಜುಮುಜುಮು ಎಳೆದು ನಿದ್ದೆ ಕೆಡುವುದಕ್ಕೆ ಎಷ್ಟೋ ಸಲ ಕಬ್ಬಿಣಾಂಶದ ಕೊರತೆ ಕಾರಣ, ಅದರಲ್ಲೂ ಹೆಂಗಸರಲ್ಲಿ. ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕ್ಲಿನಿಕ್ ಯಾವ ಮಂಗಳವಾರ ಅಂತ ಕೇಳಿಕೊಳ್ಳಿ, ಮನೋವೈದ್ಯರ ತಂಡ ಅಲ್ಲಿಗೇ ಬರುತ್ತದೆ. ರಾಯಚೂರು, ಬಳ್ಳಾರಿ, ಕೊಪ್ಪಳ ಮೂರರಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಮನೋರೋಗ ವಿಭಾಗದ ಹೊರರೋಗಿ ಚೀಟಿ ಮಾಡಿಸಿದರೆ ಸಾಕು.

ಹೋಗುವಾಗ ಎರಡು ವಾರದ ಲೆಕ್ಕ ಒಯ್ಯಿರಿ. ಮಗಳ ಹಳೆಯ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಗೀಟು ಹಾಕಿ. ಎಷ್ಟಕ್ಕೆ ಮಲಗಿದೆ, ಅಂದಾಜು ಎಷ್ಟಕ್ಕೆ ನಿದ್ದೆ ಹತ್ತಿತು, ಎಷ್ಟು ಸಲ ಎಚ್ಚರ, ಎಷ್ಟಕ್ಕೆ ಎದ್ದೆ, ಕನಸು ಬಿತ್ತೋ ಇಲ್ಲವೋ, ಚಹಾ ಎಷ್ಟು, ಗುಳಿಗೆ ಯಾವುದು. ಬೆಳಿಗ್ಗೆ ಎದ್ದ ಮೇಲೆ ಬರೆಯಿರಿ, ರಾತ್ರಿ ಬರೆಯಬೇಡಿ. ಗುಳಿಗೆ ಪಟ್ಟಿಯ ಖಾಲಿ ಹಾಳೆಗಳನ್ನೂ ಅದೇ ನೋಟ್‌ಬುಕ್ಕಿನಲ್ಲಿ ಇಟ್ಟುಕೊಳ್ಳಿ, ಬಿಳಿ ಗುಳಿಗೆ ಅಂದರೆ ವೈದ್ಯರಿಗೆ ಯಾವುದು ಅಂತ ತಿಳಿಯುವುದಿಲ್ಲ.